‘ಮುಂದೇನಾಯಿತು?’ ಎಂದು ನಾವು ಕೇಳಿರಲೇ ಇಲ್ಲ

ಪಿಕ್ಚರ್ ಬಿಟ್ಟು ಮಂದಿ ಹೊರಗೆ ಬರುವಾಗ ಬೆಳಗಾವಿಯ ಟಾಕೀಸುಗಳ ಗೇಟಿನಲ್ಲಿ ಈಗೀಗ ಒಂದೇ ಮಾತು: “ಪಾರ್ಟ್ ಟೂ ಯಾವಾಗಂತ?” ಸಿನಿಮಾ ಚಲೋ ಇದ್ದರೂ ಈ ಮಾತು, ಅಷ್ಟಕ್ಕಷ್ಟೇ ಇದ್ದರೂ ಈ ಮಾತು. ಕನ್ನಡ, ಮರಾಠಿ, ಹಿಂದಿ ಮೂರೂ ಒಂದೇ ವಾರ ಓಡುವ ಊರಿದು. ತೆಲುಗು, ತಮಿಳಿನವೂ ಬರುತ್ತವೆ. ಹೀಗಾಗಿ ಎರಡನೇ ಭಾಗ, ಮೂರನೇ ಭಾಗಗಳನ್ನು ನಾವು ರಾಶಿಗಟ್ಟಲೆ ನೋಡಿದ್ದೇವೆ. ಅವುಗಳಲ್ಲಿ ಮೊದಲನೆಯದಕ್ಕೆ ಸರಿಗಟ್ಟಿದವು ಕಡಿಮೆ. ಎರಡನೆಯದನ್ನು ಮಾಡದೆ ಇದ್ದಿದ್ದರೇ ಒಳ್ಳೆಯದಿತ್ತು ಅನಿಸಿದವೇ ಬಹಳ.

ಯಾಕೆ ಹೀಗಾಗುತ್ತದೆ ಎಂದರೆ ಸಿಗುವ ಸಿದ್ಧ ಉತ್ತರ ದುಡ್ಡಿನಾಸೆ. ನನಗೆ ಈ ಉತ್ತರ ಸಾಲದು. ಗೆದ್ದ ಎರಡನೇ ಭಾಗಗಳನ್ನೂ ದುಡ್ಡಿಗಾಗಿಯೇ ಮಾಡಿದ್ದಾರೆ. ‘ದಿ ಗಾಡ್‌ಫಾದರ್’ 1972ರಲ್ಲಿ ಭರ್ಜರಿ ಗಳಿಸಿತು, ಎರಡೇ ವರ್ಷದಲ್ಲಿ ಸ್ಟುಡಿಯೊ ಎರಡನೆಯದನ್ನು ತೆರೆಗೆ ತಂದಿತು. 1974ರ ಆ ಚಿತ್ರ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದ ಮೊದಲ ಸೀಕ್ವೆಲ್ ಆಯಿತು. ಆಸೆ ಎರಡೂ ಕಡೆ ಇದ್ದು ಫಲ ಬೇರೆಯಾಗಿದೆ ಅಂದಮೇಲೆ ಕಾರಣವನ್ನು ಕಥೆಯ ಒಳಗೇ ಹುಡುಕಬೇಕು.

ನಮ್ಮ ಕಡೆಯ ಎರಡು ರೂಢಿಗಳನ್ನು ಅಕ್ಕಪಕ್ಕ ಇಟ್ಟುಕೊಂಡರೆ ಈ ಕಾರಣ ಕಣ್ಣಿಗೆ ಬೀಳುತ್ತದೆ. ಶ್ರಾವಣ ಬಂತೆಂದರೆ ಬಾಗಲಕೋಟೆ, ವಿಜಯಪುರದ ಹಳ್ಳಿಗಳ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ದಿನಾ ರಾತ್ರಿ ಶಾಸ್ತ್ರಿಗಳು ಕಥೆಯನ್ನು ಒಂದು ಘಟ್ಟಕ್ಕೆ ತಂದು ನಿಲ್ಲಿಸುತ್ತಾರೆ, ಮರುದಿನ ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಕೇಳಲು ಬಂದವರು “ನಾಳೆ ಏನಾಗ್ತೈತೋ” ಅನ್ನುತ್ತಲೇ ಚಾಪೆ ಮಡಚುತ್ತಾರೆ. ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟದ ರೀತಿಯೇ ಬೇರೆ. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಮನೆಮಾತು ಮಾಡಿದ ಆ ಆಟದಲ್ಲಿ ಸತ್ಯಭಾಮೆ ಮುನಿಯುತ್ತಾಳೆ, ಕೃಷ್ಣ ಬೇಡಿಕೊಳ್ಳುತ್ತಾನೆ, ಬೆಳಗಾಗುವ ಹೊತ್ತಿಗೆ ಮಂಗಳ. ನೋಡುವವರಿಗೆ ಹಾಡು, ಮಾತು ಎಲ್ಲ ಬಾಯಿಪಾಠ. ಆದರೂ ಮುಂದಿನ ಜಾತ್ರೆಗೆ ಅದೇ ಆಟ ಬೇಕು. ಬೈಲಹೊಂಗಲದ ‘ಸಂಗ್ಯಾ ಬಾಳ್ಯಾ’ವೂ ಹಾಗೆಯೇ. ಸಂಗ್ಯಾ ಕೊಲೆಯಾದಲ್ಲಿಗೆ ಆಟ ಮುಗಿಯಿತು. ಅಳುತ್ತ ಎದ್ದು ಹೋದ ಮಂದಿ ಮುಂದಿನ ಸಲ ಕೇಳಿದ್ದು ಮತ್ತೆ ಅದೇ ಸಂಗ್ಯಾನನ್ನು, ಅದೇ ಬಾಳ್ಯಾನನ್ನು.

ಇಲ್ಲಿರುವವು ಎರಡು ಬೇರೆ ಬೇರೆ ಹಸಿವುಗಳು. ಪುರಾಣ ಕೇಳುವವನದು ಕಥೆ ಮುಂದೆ ಏನಾಗುತ್ತದೆ ಎಂಬ ಕುತೂಹಲ. ಪಾರಿಜಾತ ನೋಡುವವನದು ಆ ಅನುಭವ ಇನ್ನೊಮ್ಮೆ ಬೇಕೆಂಬ ಹಂಬಲ. ಟಾಕೀಸಿನ ಗೇಟಿನಲ್ಲಿ “ಪಾರ್ಟ್ ಟೂ ಯಾವಾಗ” ಎಂದು ಕೇಳುವವರಲ್ಲಿ ಬಹುತೇಕರದು ಈ ಎರಡನೆಯ ಹಸಿವು. ಅವರಿಗೆ ಬೇಕಾದದ್ದು ಈಗಷ್ಟೇ ಆದ ಖುಷಿ, ಇನ್ನೊಂದು ಸಲ. ನಿರ್ಮಾಪಕರಿಗೆ ಮಾತ್ರ ಅದು ಕಥೆ ಮುಂದುವರಿಸಿ ಎಂಬ ಬೇಡಿಕೆಯಾಗಿ ಕೇಳಿಸುತ್ತದೆ. ಅನಗತ್ಯ ಸೀಕ್ವೆಲ್‌ಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ತಪ್ಪು ಕೇಳುವಿಕೆಯಿಂದ ಎಂಬುದು ನನ್ನ ವಾದ.

‘ಮುಂಗಾರು ಮಳೆ’ಯನ್ನೇ ತೆಗೆದುಕೊಳ್ಳಿ. 2006ರ ಡಿಸೆಂಬರ್ ಕೊನೆಗೆ ಬಂದ ಯೋಗರಾಜ್ ಭಟ್ಟರ ಆ ಚಿತ್ರ ವರ್ಷಕ್ಕೂ ಹೆಚ್ಚು ಕಾಲ ಓಡಿತು. ಬಯಲುಸೀಮೆಯ ನಮ್ಮೂರುಗಳ ಹುಡುಗರು ಮಡಿಕೇರಿ, ಸಕಲೇಶಪುರದ ಮಳೆ ಕಂಡು ಹುಚ್ಚಾದರು. ಕೃಷ್ಣಾ ದಂಡೆಯ ಕಬ್ಬಿನ ಗದ್ದೆಗಳಲ್ಲೂ ಟೇಪ್‌ರೆಕಾರ್ಡರಿನಿಂದ ಜಯಂತ ಕಾಯ್ಕಿಣಿಯವರ ಸಾಲುಗಳು ಕೇಳುತ್ತಿದ್ದವು. ಆದರೆ ಆ ಚಿತ್ರ ಮುಗಿಯುವುದು ಹೇಗೆ? ಪ್ರೀತಮ್ ತನ್ನ ಪ್ರೀತಿಯನ್ನು ಬಿಟ್ಟುಕೊಡುತ್ತಾನೆ. ನಂದಿನಿಗೆ ಗೌತಮನೊಂದಿಗೆ ಮದುವೆಯಾಗುತ್ತದೆ. ದೇವದಾಸ ಎಂಬ ಮೊಲ ಸಾಯುತ್ತದೆ. ಎರಡೂವರೆ ಗಂಟೆ ಬಾಯಿ ಮುಚ್ಚದ ಹುಡುಗ ಕೊನೆಗೆ ಹೇಳಬೇಕಾದ ಒಂದು ಮಾತನ್ನು ಹೇಳದೆ ನುಂಗಿಕೊಳ್ಳುತ್ತಾನೆ. ಆ ಚಿತ್ರಕ್ಕೆ ತೂಕ ಬಂದದ್ದೇ ಇದರಿಂದ.

ಈ ಕಥೆಯನ್ನು ಮುಂದುವರಿಸಲು ಇರುವ ದಾರಿ ಎರಡೇ. ಮದುವೆಯನ್ನು ಮುರಿದು ಅವರಿಬ್ಬರನ್ನು ಸೇರಿಸಬೇಕು. ಹಾಗೆ ಮಾಡಿದರೆ ಮೊದಲ ಚಿತ್ರದ ತ್ಯಾಗ ಸುಳ್ಳಾಗುತ್ತದೆ. ಇಲ್ಲವೆ ಪ್ರೀತಮ್ ಕೊರಗುತ್ತ ಕೂತಿದ್ದನ್ನು ತೋರಿಸಬೇಕು. ಅದನ್ನು ನೋಡುಗ ಆಗಲೇ ಮನಸ್ಸಿನಲ್ಲಿ ನೋಡಿ ಮುಗಿಸಿದ್ದಾನೆ. 2016ರಲ್ಲಿ ಶಶಾಂಕ್ ನಿರ್ದೇಶನದಲ್ಲಿ ‘ಮುಂಗಾರು ಮಳೆ 2’ ಬಂದಾಗ ಅವರು ಈ ಎರಡೂ ದಾರಿ ಬಿಟ್ಟು ಹೊಸದೇ ಕಥೆ ಮಾಡಿದರು. ಗಣೇಶ್ ಇದ್ದರು, ನಾಯಕಿ ಬದಲಾಗಿದ್ದರು, ರವಿಚಂದ್ರನ್ ತಂದೆಯಾಗಿ ಬಂದರು. ಹಳೆಯದರ ಕಥೆಗೂ ಇದಕ್ಕೂ ಸಂಬಂಧ ಇರಲಿಲ್ಲ. ಅಲ್ಲಿಗೆ ಹಳೆಯದರಿಂದ ಉಳಿದದ್ದು ಹೆಸರು, ಮಳೆ ಮತ್ತು ನಾಯಕ. ಬೇರೆ ಹೆಸರಿನಲ್ಲಿ ಬಂದಿದ್ದರೆ ಜನ ಅದರ ಪಾಡಿಗೆ ಅದನ್ನು ನೋಡುತ್ತಿದ್ದರೇನೋ. ಆ ಹೆಸರು ಹೊತ್ತು ಬಂದದ್ದರಿಂದ ಪ್ರತಿ ದೃಶ್ಯವೂ ಹತ್ತು ವರ್ಷದ ಹಿಂದಿನ ನೆನಪಿನ ಎದುರು ನಿಂತು ಪರೀಕ್ಷೆ ಕೊಡಬೇಕಾಯಿತು. ಯಾವ ನಿರ್ದೇಶಕನಿಗೂ ಅದು ನ್ಯಾಯದ ಪರೀಕ್ಷೆಯಲ್ಲ. ಯಾಕೆಂದರೆ ಹತ್ತು ವರ್ಷದಲ್ಲಿ ಆ ನೆನಪಿಗೆ ನೋಡುಗನ ಸ್ವಂತ ಕಾಲೇಜಿನ ದಿನಗಳು, ಸ್ವಂತ ಸೋಲುಗಳೂ ಅಂಟಿಕೊಂಡಿರುತ್ತವೆ.

ನಿಜಕ್ಕೂ ಮುಂದೇನು ಎಂದು ಕೇಳುವಂತೆ ಕಟ್ಟಿದ ಕಥೆಗಳೂ ಇವೆ. ‘ಬಾಹುಬಲಿ’ಯ ಮೊದಲ ಭಾಗ 2015ರಲ್ಲಿ ಕಟ್ಟಪ್ಪನ ಕತ್ತಿಯ ಮೇಲೆ ನಿಂತಿತು. ಯಾಕೆ ಕೊಂದ ಎಂಬ ಪ್ರಶ್ನೆಯನ್ನು ದೇಶವೆಲ್ಲ ಎರಡು ವರ್ಷ ಕೇಳಿತು. ಅದು ಒಂದೇ ಕಥೆಯನ್ನು ನಡುವೆ ಮುರಿದು ಎರಡು ಟಿಕೆಟ್ ಮಾಡಿದ್ದು, ಸೀಕ್ವೆಲ್ ಎನ್ನುವುದೂ ಪೂರ್ತಿ ಸರಿಯಲ್ಲ. ‘ಕೆಜಿಎಫ್’ ಕೂಡ ಅಷ್ಟೇ. 2018ರ ಮೊದಲ ಭಾಗದಲ್ಲಿ ರಾಕಿ ಗರುಡನನ್ನು ಕೊಂದದ್ದು ಗಣಿಯ ಬಾಗಿಲು ತೆರೆದಂತೆ. ತಾಯಿಗೆ ಕೊಟ್ಟ ಮಾತು ಇನ್ನೂ ಬಾಕಿ ಇತ್ತು. 2022ರ ಎರಡನೇ ಭಾಗ ಆ ಬಾಕಿ ತೀರಿಸಿತು.

ಇದಕ್ಕಿಂತ ನನಗೆ ಇಷ್ಟದ ಉದಾಹರಣೆ ‘ದೃಶ್ಯಂ’. ಜೀತು ಜೋಸೆಫ್ ಅವರ 2013ರ ಮಲಯಾಳಂ ಚಿತ್ರ, ಅದನ್ನೇ ಮರುವರ್ಷ ಪಿ. ವಾಸು ಕನ್ನಡದಲ್ಲಿ ರವಿಚಂದ್ರನ್ ಅವರನ್ನು ಹಾಕಿ ‘ದೃಶ್ಯ’ ಮಾಡಿದರು. ಮನೆಯವರ ಕೈಯಲ್ಲಿ ಸತ್ತ ಹುಡುಗನ ಶವವನ್ನು ನಾಯಕ, ಆಗಿನ್ನೂ ಕಟ್ಟುತ್ತಿದ್ದ ಪೊಲೀಸ್ ಠಾಣೆಯ ನೆಲದಡಿಯಲ್ಲೇ ಹೂತಿದ್ದಾನೆ ಎಂದು ತಿಳಿಯುವಲ್ಲಿಗೆ ಕಥೆ ಮುಗಿಯಿತು. ಮೇಲ್ನೋಟಕ್ಕೆ ಇದು ಮುಚ್ಚಿದ ಬಾಗಿಲು, ಮುಟ್ಟಬಾರದ ಅಂತ್ಯ. ಆದರೆ ಒಳಗೆ ಒಂದು ಲೆಕ್ಕ ಉಳಿದಿತ್ತು. ಕುಟುಂಬ ತಪ್ಪಿಸಿಕೊಂಡಿದೆ, ತಪ್ಪು ತಪ್ಪಿಸಿಕೊಂಡಿಲ್ಲ. ಶವ ಅಲ್ಲೇ ಇದೆ. ಆ ಮನೆಯ ಹೆಣ್ಣುಮಕ್ಕಳು ಪ್ರತಿ ಜೀಪಿನ ಸದ್ದಿಗೆ ಬೆಚ್ಚುತ್ತ ಬದುಕಬೇಕು. 2021ರ ಎರಡನೇ ಭಾಗ ಇದನ್ನು ಹಿಡಿದುಕೊಂಡು ಹೊರಟಿತು. ಮೊದಲ ಅಂತ್ಯವನ್ನು ಅಳಿಸದೆ, ಆ ಅಂತ್ಯದ ಬೆಲೆ ಏನು ಎಂದು ಕೇಳಿತು. ಮೊದಲ ಚಿತ್ರದ ಬಗ್ಗೆ ನಮ್ಮ ತಿಳಿವಳಿಕೆ ಅದರಿಂದ ಹೆಚ್ಚಿತು. ಒಂದು ಸೀಕ್ವೆಲ್ ಬೇಕಿತ್ತೋ ಬೇಡವಾಗಿತ್ತೋ ಎಂದು ಅಳೆಯಲು ನಾನು ಬಳಸುವ ಅಳತೆಗೋಲು ಇದೇ: ಮೊದಲ ಭಾಗದಲ್ಲಿ ತೀರದೆ ಉಳಿದ ಲೆಕ್ಕ ಯಾವುದು?

ಈ ಅಳತೆಗೋಲನ್ನು ‘ಇಂಡಿಯನ್’ ಚಿತ್ರಕ್ಕೆ ಹಿಡಿದು ನೋಡಬೇಕು. ಶಂಕರ್ ನಿರ್ದೇಶನ, ಕಮಲ್ ಹಾಸನ್ ಎರಡು ಪಾತ್ರ, 1996. ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಲಂಚಕೋರರನ್ನು ಕೊಲ್ಲುತ್ತ ಹೋಗುತ್ತಾನೆ. ಅವನಿಗೊಂದು ಹಿಂದಿನ ಗಾಯ ಇದೆ: ಸುಟ್ಟುಕೊಂಡ ಮಗಳಿಗೆ ಲಂಚವಿಲ್ಲದೆ ಚಿಕಿತ್ಸೆ ಸಿಗಲಿಲ್ಲ, ಅವನು ಲಂಚ ಕೊಡಲಿಲ್ಲ, ಮಗಳು ಸತ್ತಳು. ಕೊನೆಗೆ ತಪ್ಪಿತಸ್ಥನ ಸ್ಥಾನದಲ್ಲಿ ಬಂದು ನಿಲ್ಲುವವನು ಅವನ ಸ್ವಂತ ಮಗ ಚಂದ್ರು. ಬ್ರೇಕ್ ಸರಿ ಇಲ್ಲದ ಬಸ್ಸಿಗೆ ದುಡ್ಡು ತಿಂದು ಅರ್ಹತಾ ಪತ್ರ ಕೊಟ್ಟ, ಶಾಲೆಯ ಮಕ್ಕಳು ಸತ್ತರು. ಹೆಂಡತಿಯ ಗೋಳು, ಮಗನನ್ನು ಪ್ರೀತಿಸಿದ ಹುಡುಗಿಯ ಗೋಳು ಯಾವುದಕ್ಕೂ ಜಗ್ಗದೆ ಅಪ್ಪ ಮಗನನ್ನು ಕೊಲ್ಲುತ್ತಾನೆ. ನೋಡುವವರಿಗೆ ಅವನ ಮೇಲೆ ಭಕ್ತಿಯೂ ಬರುತ್ತದೆ, ಭಯವೂ ಬರುತ್ತದೆ. ಅವನು ಮಗಳನ್ನೂ ಕಳೆದುಕೊಂಡ, ಮಗನನ್ನೂ ಕಳೆದುಕೊಂಡ. ಅವನ ತತ್ವಕ್ಕೆ ಬೆಲೆ ತೆತ್ತದ್ದು ಅವನ ಮನೆಯೇ.

ಕೊನೆಯಲ್ಲಿ ಸೇನಾಪತಿ ತಪ್ಪಿಸಿಕೊಂಡು, ವಿದೇಶದಿಂದ ಫೋನ್ ಮಾಡಿ, ಬೇಕಾದಾಗ ಬರುತ್ತೇನೆ ಅನ್ನುತ್ತಾನೆ. ಮುಂದಿನ ಭಾಗಕ್ಕೆ ಬಾಗಿಲು ತೆರೆದಿಟ್ಟರಲ್ಲ ಎಂದು ಅನಿಸುವುದು ಸಹಜ. ಆದರೆ ಆ ಫೋನು ಶಿಳ್ಳೆ ಹೊಡೆಸಲು ಇಟ್ಟ ಅಲಂಕಾರ. ಅದರಲ್ಲಿ ಉತ್ತರ ಬೇಡುವ ಪ್ರಶ್ನೆ ಇಲ್ಲ, ಕಥೆ ಮಗನ ಸಾವಿನಲ್ಲೇ ಮುಗಿದಿದೆ. 28 ವರ್ಷದ ನಂತರ, 2024ರ ಜುಲೈನಲ್ಲಿ ‘ಇಂಡಿಯನ್ 2’ ಬಂದಾಗ ಆ ಅಲಂಕಾರವನ್ನೇ ತೊಲೆ ಎಂದುಕೊಂಡು ಮನೆ ಕಟ್ಟಿದ್ದರು. ಸಾಮಾಜಿಕ ಜಾಲತಾಣದಲ್ಲಿ ಹುಡುಗರು ಕರೆಯುತ್ತಾರೆ, ಅಜ್ಜ ವಿದೇಶದಿಂದ ಬರುತ್ತಾನೆ. ಸುಭಾಷರ ಸೇನೆಯಲ್ಲಿದ್ದವನ ವಯಸ್ಸು ಈಗ ನೂರು ದಾಟಿರಬೇಕು, ಅವನು ಹಾರಿ ಹಾರಿ ಹೊಡೆಯುತ್ತಾನೆ. ಅದನ್ನಾದರೂ ಒಪ್ಪಿಕೊಳ್ಳಬಹುದು, ಸಿನಿಮಾದಲ್ಲಿ ವಯಸ್ಸು ದೊಡ್ಡ ವಿಷಯವಲ್ಲ. ಒಪ್ಪಲಾಗದ್ದು ಬೇರೆ ಇದೆ. ಅವನು ಹುಡುಗರಿಗೆ “ನಿಮ್ಮ ಮನೆ ನೀವು ಸ್ವಚ್ಛ ಮಾಡಿಕೊಳ್ಳಿ” ಎಂಬ ಅರ್ಥದ ಉಪದೇಶ ಮಾಡುತ್ತಾನೆ, ಅವರು ತಮ್ಮವರನ್ನೇ ಹಿಡಿದುಕೊಡುತ್ತಾರೆ, ಅವರ ಮನೆಗಳು ಒಡೆಯುತ್ತವೆ. ಸೇನಾಪತಿಗೆ ಕಳೆದುಕೊಳ್ಳಲು ಏನೂ ಉಳಿದಿಲ್ಲ. ಬೆಲೆ ತೆರುವವರು ಬೇರೆಯವರಾದಾಗ ಅದೇ ಮಾತು, ಅದೇ ಬೆರಳು ಮಡಚುವ ಹೊಡೆತ, ಅದೇ ನಟ ಇದ್ದರೂ ಮನಸ್ಸು ಕದಲುವುದಿಲ್ಲ. ಇಷ್ಟೆಲ್ಲ ಆಗಿ ಚಿತ್ರದ ಕೊನೆಗೆ ಮೂರನೇ ಭಾಗದ ತುಣುಕು ಬೇರೆ ತೋರಿಸಿದರು.

ಕಾಲದ ಅಂತರವೂ ಇಲ್ಲಿ ಕೆಲಸ ಮಾಡಿದೆ. 1996ರಲ್ಲಿ ಜನ್ಮದಾಖಲೆಗೂ ಚಾಲನಾ ಪರವಾನಗಿಗೂ ಮೇಜಿನ ಮುಂದೆ ನಿಂತು ನೋಟು ಸರಿಸುವ ಅನುಭವ ಪ್ರತಿಯೊಬ್ಬನದೂ ಆಗಿತ್ತು. ಸಿಟ್ಟು ಸಿದ್ಧವಾಗಿತ್ತು, ಚಿತ್ರ ಅದಕ್ಕೊಂದು ಮುಖ ಕೊಟ್ಟಿತು. ಲಂಚ ಈಗ ಹೋಗಿಲ್ಲ, ಅದರ ರೂಪ ಬದಲಾಗಿದೆ. ಹಳೆಯ ಸಿಟ್ಟಿಗೆ ಹೊಸ ಮೊಬೈಲ್ ಹಿಡಿಸಿದರೆ ಅದು ಹೊಸ ಸಿಟ್ಟಾಗುವುದಿಲ್ಲ.

ಇನ್ನು ದೊಡ್ಡದು ಮಾಡುವ ರೋಗ. ಮೊದಲನೆಯದು ಗೆದ್ದಿತು ಅಂದಮೇಲೆ ಎರಡನೆಯದಕ್ಕೆ ಬಜೆಟ್ ಹೆಚ್ಚುತ್ತದೆ. ಬಜೆಟ್ ಹೆಚ್ಚಿದರೆ ಒಳ್ಳೆಯದೇ ಅಲ್ಲವೇ ಎನ್ನಬಹುದು. 1994ರ ‘ಸ್ಪೀಡ್’ ನೋಡಿದವರಿಗೆ ಇದು ಯಾಕೆ ರೋಗ ಎಂಬುದು ಬೇಗ ಅರ್ಥವಾಗುತ್ತದೆ. ಲಾಸ್ ಏಂಜಲೀಸಿನ ಸಿಟಿ ಬಸ್ಸಿನಲ್ಲಿ ಬಾಂಬ್ ಇಟ್ಟಿದ್ದಾರೆ. ಬಸ್ಸು ಗಂಟೆಗೆ 50 ಮೈಲಿ, ಅಂದರೆ ಸುಮಾರು 80 ಕಿಲೋಮೀಟರ್ ದಾಟಿದರೆ ಬಾಂಬ್ ಎಚ್ಚರಗೊಳ್ಳುತ್ತದೆ, ಆಮೇಲೆ ಅದಕ್ಕಿಂತ ಕೆಳಗಿಳಿದರೆ ಸಿಡಿಯುತ್ತದೆ. ಇಷ್ಟೇ ನಿಯಮ. ಈಗ ಪ್ರತಿ ಸಿಗ್ನಲ್, ಪ್ರತಿ ತಿರುವು, ರಸ್ತೆ ದಾಟುವ ಪ್ರತಿ ಮನುಷ್ಯ ಒಂದೊಂದು ಕಂಟಕ. ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ಬೆಳಗಾವಿಯಿಂದ ಬಾಗಲಕೋಟೆಗೆ ಹೋದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯರಗಟ್ಟಿ, ಲೋಕಾಪುರದ ಸಂತೆಯ ದಿನ ಆ ವೇಗದಲ್ಲಿ ಬಸ್ಸು ನುಗ್ಗಿದರೆ ಏನಾದೀತು ಎಂದು ಕಣ್ಣು ಮುಚ್ಚಿದರೆ ಸಾಕು. ಚಾಲಕನ ಸೀಟಿನಲ್ಲಿ ಕೂತ ಸಾಂಡ್ರಾ ಬುಲಕ್ ಒಬ್ಬ ಸಾಮಾನ್ಯ ಪ್ರಯಾಣಿಕಳು, ಪೊಲೀಸ್ ಅಲ್ಲ. ಅವಳ ಕೈ ಸ್ಟೇರಿಂಗ್ ಮೇಲೆ, ನಮ್ಮ ಕಣ್ಣು ಸ್ಪೀಡೋಮೀಟರ್ ಮುಳ್ಳಿನ ಮೇಲೆ. ಒಂದು ಮುಳ್ಳು ಎರಡು ಗಂಟೆಯ ಸಿನಿಮಾವನ್ನು ಎಳೆದುಕೊಂಡು ಹೋಯಿತು.

1997ರಲ್ಲಿ ಎರಡನೆಯದು ಬಂತು. ಮೊದಲನೆಯದು ಸುಮಾರು 3 ಕೋಟಿ ಡಾಲರಿನಲ್ಲಿ ಆಗಿತ್ತು, ಇದು 10 ಕೋಟಿ ದಾಟಿತು. ಬಸ್ಸಿನ ಬದಲು ದೊಡ್ಡ ಪ್ರವಾಸಿ ಹಡಗು. ನಾಯಕ ಕೀಯಾನು ರೀವ್ಸ್ ಒಪ್ಪದೆ ದೂರ ಉಳಿದರು, ಬುಲಕ್ ಬಂದರು. ಹಡಗು ನಿಜಕ್ಕೂ ದೊಡ್ಡದು, ಕೊನೆಗೆ ಅದು ದಡದ ಊರಿಗೇ ನುಗ್ಗುವ ದೃಶ್ಯ ಭಾರೀ ಖರ್ಚಿನದು. ಆದರೆ ಸಮುದ್ರದಲ್ಲಿ ಸಿಗ್ನಲ್ ಎಲ್ಲಿ, ಸಂತೆ ಎಲ್ಲಿ? ಅಷ್ಟಗಲ ನೀರಿನಲ್ಲಿ ಹಡಗು ಸಾಗುವುದು ವೇಗವೆಂದು ಕಣ್ಣಿಗೆ ತಾಗುವುದೇ ಇಲ್ಲ. ಮುಳ್ಳು ಹೋಯಿತು, ನಿಯಮ ಹೋಯಿತು, ಹೆಸರು ಮಾತ್ರ ಉಳಿಯಿತು. ಮೊದಲ ಚಿತ್ರದ ಬಲ ಇದ್ದದ್ದು ಅದರ ಇಕ್ಕಟ್ಟಿನಲ್ಲಿ. ದುಡ್ಡು ಮೊದಲು ಕಿತ್ತುಹಾಕಿದ್ದು ಆ ಇಕ್ಕಟ್ಟನ್ನೇ.

‘ಜಾಸ್’ ಕಥೆಯೂ ಇದೇ ಜಾಡಿನದು. 1975ರಲ್ಲಿ ಸ್ಪೀಲ್‌ಬರ್ಗ್ ಮಾಡಿಸಿದ ಯಂತ್ರದ ಶಾರ್ಕ್ ಉಪ್ಪುನೀರಿಗೆ ಇಳಿದ ಕೂಡಲೇ ಕೆಡುತ್ತಿತ್ತು. ಬೇರೆ ದಾರಿ ಕಾಣದೆ ಶಾರ್ಕ್ ತೋರಿಸುವುದನ್ನು ಕಡಿಮೆ ಮಾಡಿ, ಅದು ಎಳೆದೊಯ್ಯುವ ಹಳದಿ ಪೀಪಾಯಿ, ನೀರಿನ ಮಟ್ಟದ ಕ್ಯಾಮೆರಾ, ಜಾನ್ ವಿಲಿಯಮ್ಸರ ಎರಡು ಸ್ವರಗಳ ಸಂಗೀತ ಇವುಗಳಿಂದಲೇ ಭಯ ಹುಟ್ಟಿಸಿದರು. ಕಾಣದ್ದಕ್ಕೆ ಜನ ಹೆದರಿದರು. ಮುಂದಿನ ಭಾಗಗಳಲ್ಲಿ ಶಾರ್ಕ್ ಧಾರಾಳವಾಗಿ ಕಂಡಿತು, 1983ರಲ್ಲಿ ತ್ರೀಡಿಯಲ್ಲೂ ಬಂತು. 1987ರ ನಾಲ್ಕನೆಯದರಲ್ಲಿ ಒಂದೇ ಕುಟುಂಬದ ಮೇಲೆ ಹಗೆ ಸಾಧಿಸುವಂತೆ ಶಾರ್ಕ್ ಬಹಾಮಾಸ್‌ವರೆಗೂ ಬೆನ್ನಟ್ಟುತ್ತದೆ. ಮೀನಿಗೆ ಹಗೆ ಕೊಟ್ಟ ದಿನ ಅದು ಮೀನಾಗಿ ಉಳಿಯಲಿಲ್ಲ. ಕಾರಣವಿಲ್ಲದೆ ಬರುವ ಪ್ರಾಣಿ ಎಂಬುದೇ ಮೊದಲ ಚಿತ್ರದ ಭಯವಾಗಿತ್ತು.

ಅರ್ಥವನ್ನೇ ತಿರುವಿಹಾಕುವ ಸೀಕ್ವೆಲ್‌ಗಳು ಇನ್ನೊಂದು ಬಗೆ, ನನಗೆ ಹೆಚ್ಚು ನೋವು ಕೊಡುವ ಬಗೆ. ಫಾಜಿಲ್ ಅವರ 1993ರ ‘ಮಣಿಚಿತ್ರತಾಳ್’ ಕನ್ನಡಕ್ಕೆ ‘ಆಪ್ತಮಿತ್ರ’ವಾಗಿ 2004ರಲ್ಲಿ ಬಂತು, ಹಿಂದಿಗೆ ‘ಭೂಲ್ ಭುಲಯ್ಯಾ’ ಆಗಿ 2007ರಲ್ಲಿ. ಆ ಕಥೆಯ ಜೀವಾಳ ಇಷ್ಟು: ಮನೆಯವರೆಲ್ಲ ದೆವ್ವ ಎಂದುಕೊಂಡದ್ದು ದೆವ್ವವಲ್ಲ, ಒಬ್ಬ ಹೆಣ್ಣುಮಗಳ ಮನಸ್ಸಿನ ಬೇನೆ. ಅವಳನ್ನು ಹೊಡೆಯಬೇಡಿ, ಕಟ್ಟಿಹಾಕಬೇಡಿ, ಅವಳಿಗೆ ಬೇಕಾದದ್ದು ಚಿಕಿತ್ಸೆ ಎಂದು ವೈದ್ಯ ನಿಲ್ಲುತ್ತಾನೆ. ಮೈಮೇಲೆ ಬಂತೆಂದು ಹೆಣ್ಣುಮಕ್ಕಳಿಗೆ ಬೇವಿನ ಸೊಪ್ಪಿನ ಏಟು ಬೀಳುವುದನ್ನು ಕಂಡ ನಮ್ಮ ಹಳ್ಳಿಗಳಲ್ಲಿ ‘ಆಪ್ತಮಿತ್ರ’ದ ಈ ಮಾತು ಸಣ್ಣದಾಗಿರಲಿಲ್ಲ. ಸೌಂದರ್ಯ ಆ ಗಂಗಾಳ ಪಾತ್ರ ಮಾಡಿ, ಚಿತ್ರ ಬಿಡುಗಡೆಯಾಗುವ ಮುಂಚೆಯೇ ತೀರಿಕೊಂಡಿದ್ದರು. ಆ ದುಃಖವೂ ಸೇರಿ ಜನ ಅದನ್ನು ಎದೆಗೆ ಹಚ್ಚಿಕೊಂಡರು.

ಹಿಂದಿಯಲ್ಲಿ 2022ರಲ್ಲಿ ‘ಭೂಲ್ ಭುಲಯ್ಯಾ 2’ ಬಂತು. ನಾಯಕ ಬೇರೆ, ನಿರ್ದೇಶಕ ಬೇರೆ, ಕಥೆ ಬೇರೆ. ಹೆಸರು, ಹಾಡಿನ ಧಾಟಿ, ಮಂಜುಲಿಕಾ ಎಂಬ ಹೆಸರು ಇಂಥ ಕೆಲವು ಮಾತ್ರ ಹಳೆಯವು. ಇಲ್ಲಿ ಬರುವುದು ನಿಜವಾದ ದೆವ್ವ. ಚಿತ್ರ ಚೆನ್ನಾಗಿ ದುಡಿಯಿತು, 2024ರಲ್ಲಿ ಮೂರನೆಯದೂ ಆಯಿತು. ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲಿ ಇದನ್ನು ಸೋಲು ಎನ್ನಲಾಗದು. ನನ್ನ ಲೆಕ್ಕದಲ್ಲಿ ಇದು ದೊಡ್ಡ ನಷ್ಟ. ದೆವ್ವ ಇಲ್ಲ ಎಂದು ಹೇಳಿ ಹೆಸರು ಮಾಡಿದ ಚಿತ್ರದ ಹೆಸರಿನಲ್ಲೇ ದೆವ್ವ ಇದೆ ಎಂದು ಹೇಳಿದಂತಾಯಿತು. ‘ಆಪ್ತಮಿತ್ರ’ದ ಮುಂದಿನ ಭಾಗ ‘ಆಪ್ತರಕ್ಷಕ’ 2010ರ ಫೆಬ್ರುವರಿಯಲ್ಲಿ ಬಂದ ಸಂದರ್ಭವೇ ಬೇರೆ. ವಿಷ್ಣುವರ್ಧನ್ ತೀರಿಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಜನ ಟಾಕೀಸಿಗೆ ಹೋದದ್ದು ನಾಗವಲ್ಲಿಯ ಮುಂದಿನ ಕಥೆ ಕೇಳಲು ಎಂದು ನನಗೆ ಅನಿಸುವುದಿಲ್ಲ, ವಿಷ್ಣು ದಾದಾನನ್ನು ಕಳಿಸಿಕೊಡಲು ಹೋದರು. ಆ ಗೆಲುವನ್ನು ಸೀಕ್ವೆಲ್‌ನ ಗೆಲುವೆಂದು ಲೆಕ್ಕ ಹಾಕಿದರೆ ತಪ್ಪಾಗುತ್ತದೆ.

ಮನುಷ್ಯರು ಇಲ್ಲವಾದಾಗ ಏನು ಮಾಡಬೇಕು ಎಂಬುದೂ ಸೀಕ್ವೆಲ್‌ಗಳ ಎದುರಿನ ನಿಜವಾದ ಕಷ್ಟ. ಮರಾಠಿಯ ‘ಝಪಾಟ್ಲೇಲಾ’ ಬೆಳಗಾವಿಯಲ್ಲಿ ಭಾಷೆಯ ಗಡಿ ದಾಟಿದ ಚಿತ್ರ. ಮಹೇಶ ಕೋಠಾರೆ 1993ರಲ್ಲಿ ಮಾಡಿದ್ದು. ತಾತ್ಯಾ ವಿಂಚು ಎಂಬ ಗೊಂಬೆಯ ಹೆಸರು ಹೇಳಿ ಮಕ್ಕಳನ್ನು ಊಟ ಮಾಡಿಸಿದ ಮನೆಗಳು ಶಹಾಪುರ, ವಡಗಾವಿಯ ಓಣಿಗಳಲ್ಲಿ ಈಗಲೂ ಸಿಗುತ್ತವೆ. ಗೊಂಬೆಗೆ ಜೀವ ಬಂದದ್ದು ಅದರ ಎದುರು ಲಕ್ಷ್ಮೀಕಾಂತ ಬೇರ್ಡೆ ಹೆದರಿ ನಡುಗಿದ ರೀತಿಯಿಂದ. ಬೇರ್ಡೆ 2004ರಲ್ಲಿ ತೀರಿಕೊಂಡರು. 2013ರಲ್ಲಿ ಎರಡನೇ ಭಾಗ ತ್ರೀಡಿಯಲ್ಲಿ ಬಂದಾಗ ಗೊಂಬೆ ಮೈಮೇಲೆ ಹಾರಿ ಬಂದಂತೆ ಕಂಡಿತು. ಹೆದರಬೇಕಾದ ಮುಖ ಮಾತ್ರ ಇರಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ, ಆದರೆ ಯಾರು ಇಲ್ಲದೆ ಈ ಕಥೆ ನಡೆಯದು ಎಂದು ಮಾಡುವವರು ಮೊದಲೇ ಕೇಳಿಕೊಳ್ಳಬೇಕಿತ್ತು. ‘ಗಾಡ್‌ಫಾದರ್’ನ ಮೂರನೇ ಭಾಗಕ್ಕೂ (1990) ಇದೇ ಆಯಿತು. ಸಂಭಾವನೆಯ ವಿಷಯಕ್ಕೆ ರಾಬರ್ಟ್ ಡುವಾಲ್ ಬರಲಿಲ್ಲ, ಮನೆಯ ವಕೀಲನಿಲ್ಲದ ಆ ಕುಟುಂಬ ಅರ್ಧ ಖಾಲಿ ಕಂಡಿತು. ನಿರ್ದೇಶಕ ಕೊಪೊಲಾ 30 ವರ್ಷದ ನಂತರ ಅದನ್ನು ಮತ್ತೆ ಸಂಕಲನ ಮಾಡಿ ಬೇರೆ ಹೆಸರಿನಲ್ಲಿ ಬಿಡುಗಡೆ ಮಾಡಿದರು.

ಇದೇ ಕಷ್ಟವನ್ನು ‘ಕೆಜಿಎಫ್’ ಜಾಣತನದಿಂದ ದಾಟಿದೆ. ಮೊದಲ ಭಾಗದಲ್ಲಿ ಕಥೆ ಹೇಳುವವನು ಆನಂದ್ ಇಂಗಳಗಿ, ಅನಂತನಾಗ್ ಪಾತ್ರ. ಇಂಗಳಗಿ ಅಂದರೆ ನಮ್ಮ ಸೀಮೆಯ ಅಡ್ಡಹೆಸರು, ಬೆಂಗಳೂರಿನ ದೊಡ್ಡ ಸಿನಿಮಾದಲ್ಲಿ ಅದು ಕೇಳಿದಾಗ ನಮಗೆಲ್ಲ ಒಂದು ಹಿಗ್ಗು. ಎರಡನೇ ಭಾಗಕ್ಕೆ ಅನಂತನಾಗ್ ಇರಲಿಲ್ಲ. ಇನ್ನೊಬ್ಬ ನಟನಿಗೆ ಅದೇ ಕನ್ನಡಕ ಹಾಕಿಸಿ ಆನಂದ್ ಇಂಗಳಗಿ ಎನ್ನಬಹುದಿತ್ತು. ಹಾಗೆ ಮಾಡದೆ ಮಗ ವಿಜಯೇಂದ್ರ ಇಂಗಳಗಿಯನ್ನು ತಂದರು, ಪ್ರಕಾಶ್ ರಾಜ್ ಕಥೆ ಮುಂದುವರಿಸಿದರು. ನೋಡುಗನ ನೆನಪಿಗೆ ಮರ್ಯಾದೆ ಕೊಟ್ಟಂತಾಯಿತು.

ಕಥೆ ಮುಗಿದಿದೆ, ಆದರೆ ಪಾತ್ರದ ಮೇಲೆ ಪ್ರೀತಿ ಮುಗಿದಿಲ್ಲ ಎಂದಾಗ ಇರುವ ದಾರಿಯನ್ನು ಕನ್ನಡ ಬಹಳ ಹಿಂದೆಯೇ ತೋರಿಸಿತ್ತು. ದೊರೈ–ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿ ‘ಜೇಡರ ಬಲೆ’ (1968) ತೆಗೆದರು, ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಪ್ರತಿ ಸಲವೂ ಹೊಸ ಪ್ರಕರಣ. ಹಿಂದಿನದು ನೋಡದವನಿಗೂ ತೊಂದರೆ ಇಲ್ಲ, ನೋಡಿದವನ ನೆನಪಿಗೂ ಧಕ್ಕೆ ಇಲ್ಲ. 2006ರ ‘ಲಗೇ ರಹೋ ಮುನ್ನಾಭಾಯಿ’ ಮಾಡಿದ್ದೂ ಇದನ್ನೇ. ಮುನ್ನಾ ಇದ್ದಾನೆ, ಸರ್ಕಿಟ್ ಇದ್ದಾನೆ. ಹಿಂದಿನ ಚಿತ್ರದ ಡಾಕ್ಟರ್ ನಾಯಕಿಯ ಸುದ್ದಿಯೇ ಇಲ್ಲ, ಅಲ್ಲಿ ಆಸ್ಪತ್ರೆಯ ಡೀನ್ ಆಗಿದ್ದ ಬೊಮನ್ ಇರಾನಿ ಇಲ್ಲಿ ಬೇರೆಯೇ ಪಾತ್ರ. ಯಾರೂ ತಕರಾರು ತೆಗೆಯಲಿಲ್ಲ. ರಾಜಕುಮಾರ ಹಿರಾನಿ ಆ ಇಬ್ಬರ ಗೆಳೆತನವನ್ನಷ್ಟೇ ಎತ್ತಿಕೊಂಡು, ಗಾಂಧಿ ಕಣ್ಣಿಗೆ ಕಾಣಿಸುವ ಪೂರ್ತಿ ಹೊಸ ಪೇಚಿನಲ್ಲಿ ಅವರನ್ನು ಸಿಕ್ಕಿಸಿದರು.

ಇಷ್ಟು ಗೊತ್ತಿದ್ದೂ ಅನಗತ್ಯ ಸೀಕ್ವೆಲ್‌ಗಳು ಯಾಕೆ ನಿಲ್ಲುವುದಿಲ್ಲ? ಇಲ್ಲಿ ವ್ಯಾಪಾರದ ಮಾತು ಬರುತ್ತದೆ, ಅದು ಸರಳವಾಗಿಯೇ ಇದೆ. ಹೊಸ ಹೆಸರಿನ ಚಿತ್ರವನ್ನು ಹಂಚಿಕೆದಾರನಿಗೆ ಮಾರಬೇಕಾದರೆ ಕಥೆ ಏನು, ನಿರ್ದೇಶಕ ಯಾರು ಎಂದು ಮೊದಲಿಂದ ಹೇಳಬೇಕು. ಹೆಸರಿನ ಮುಂದೆ ಒಂದು ‘2’ ಇದ್ದರೆ ಆ ಮಾತು ಬೇಡ. ಟಿವಿ ಹಕ್ಕು, ಒಟಿಟಿ ಹಕ್ಕು, ಡಬ್ಬಿಂಗ್ ಹಕ್ಕುಗಳ ಚೌಕಾಸಿ ಶೂಟಿಂಗ್ ಮುಗಿಯುವ ಮೊದಲೇ ಶುರುವಾಗುತ್ತದೆ. ಮೊದಲ ಮೂರು ದಿನದ ಟಿಕೆಟ್ ಹಳೆಯ ಚಿತ್ರದ ಪುಣ್ಯದಿಂದ ಹೋಗುತ್ತದೆ. ಸೋಮವಾರದ ಮ್ಯಾಟಿನಿಯಲ್ಲಿ ಸೀಟು ಖಾಲಿ ಬಿದ್ದಾಗ ಮೇಲಿನವರ ಹಣ ಬಹುಪಾಲು ಬಂದಿರುತ್ತದೆ. ನಷ್ಟ ತಟ್ಟುವುದು ಕೆಳಗಿನ ಕೊಂಡಿಗೆ, ದೊಡ್ಡ ಮುಂಗಡ ಕೊಟ್ಟು ಸಿನಿಮಾ ಹಾಕಿಕೊಂಡ ಊರಿನ ಒಂಟಿ ತೆರೆಯ ಟಾಕೀಸಿನವನಿಗೆ.

ಈಗ ಈ ವ್ಯಾಪಾರ ಮೊದಲ ಭಾಗಗಳನ್ನೂ ತಿನ್ನತೊಡಗಿದೆ ಎಂಬುದು ನನ್ನ ದೊಡ್ಡ ಆತಂಕ. ‘ಬಾಹುಬಲಿ’, ‘ಕೆಜಿಎಫ್’ ಗೆದ್ದ ಮೇಲೆ, ಕಥೆಗೆ ಬೇಕಿರಲಿ ಬಿಡಲಿ, ಕೊನೆಯ ರೀಲಿನಲ್ಲಿ ಹೊಸ ಖಳನ ಬೆನ್ನು ತೋರಿಸಿ, ಮುಂದುವರಿಯುವುದು ಎಂದು ಬರೆದು ದೀಪ ಹಚ್ಚುತ್ತಾರೆ. ಮೂರು ಗಂಟೆ ಕೂತವನಿಗೆ ಅಂತ್ಯ ಸಿಗುವುದಿಲ್ಲ. ಆ ಚಿತ್ರ ಓಡದಿದ್ದರೆ ಮುಂದಿನ ಭಾಗವೂ ಬರುವುದಿಲ್ಲ, ಕಥೆ ಯಾವ ಕಡೆಯೂ ಸೇರದೆ ಅರ್ಧಕ್ಕೆ ನಿಲ್ಲುತ್ತದೆ. ಪುರಾಣ ಹಚ್ಚಿದ ಶಾಸ್ತ್ರಿಗಳಿಗೆ ಮಂಗಳದ ದಿನ ಯಾವುದೆಂದು ಮೊದಲೇ ಗೊತ್ತಿರುತ್ತದೆ. ಇವರಿಗೆ ಅದೂ ಗೊತ್ತಿರುವುದಿಲ್ಲ.

ಹಾಗಾದರೆ ಇನ್ನೊಮ್ಮೆ ಬೇಕೆಂಬ ಆ ಹಂಬಲಕ್ಕೆ ಏನು ಕೊಡಬೇಕು? ಉತ್ತರ ಟಾಕೀಸುಗಳಲ್ಲೇ ಸಿಕ್ಕಿದೆ. ಉಪೇಂದ್ರ ನಿರ್ದೇಶನದ, ಶಿವರಾಜ್‌ಕುಮಾರ್ ಅವರ ‘ಓಂ’ 1995ರಿಂದ ಈಚೆಗೆ ನೂರಾರು ಬಾರಿ ಮರುಬಿಡುಗಡೆಯಾಗಿದೆ. ಪುನೀತ್ ಹುಟ್ಟುಹಬ್ಬಕ್ಕೆ 2024ರಲ್ಲಿ ‘ಜಾಕಿ’, 2025ರಲ್ಲಿ ‘ಅಪ್ಪು’ ಮತ್ತೆ ತೆರೆಗೆ ಬಂದವು. ‘ಅಪ್ಪು’ ಮೊದಲು ಬಂದಾಗ, 2002ರಲ್ಲಿ, ಹುಟ್ಟಿರದಿದ್ದ ಹುಡುಗರೂ ಅದರ ಮಾತುಗಳನ್ನು ನಟನಿಗಿಂತ ಮೊದಲೇ ಹೇಳುತ್ತಿದ್ದರು. ಪಾರಿಜಾತದ ಮುಂದೆ ಕೂತವರಂತೆಯೇ ಅವರಿಗೂ ಎಲ್ಲ ಗೊತ್ತಿತ್ತು, ಗೊತ್ತಿದ್ದದ್ದೇ ಅವರ ಸುಖವಾಗಿತ್ತು.

‘ತುಂಬಾಡ್’ ಎಂಬ ಹಿಂದಿ ಚಿತ್ರದ ವಿಷಯದಲ್ಲಿ ಇದು ಕಣ್ಣಿಗೆ ಕಟ್ಟುವಂತೆ ನಡೆಯಿತು. ನಮ್ಮ ಪಕ್ಕದ ಕೊಂಕಣದ ಮಳೆ, ಹಳೆಯ ವಾಡೆ, ಚಿನ್ನದ ದುರಾಸೆ ಅದರ ಕಥೆ. 2018ರಲ್ಲಿ ಬಂದಾಗ ಸಾಧಾರಣ ಓಡಿತು. 2024ರ ಸೆಪ್ಟೆಂಬರಿನಲ್ಲಿ ಮತ್ತೆ ಬಿಟ್ಟಾಗ ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು. ಒಂದು ಪೈಸೆ ಹೊಸ ಶೂಟಿಂಗ್ ಇಲ್ಲದೆ, ಇದ್ದ ಚಿತ್ರವೇ ತನ್ನ ನೋಡುಗರನ್ನು ಕಂಡುಕೊಂಡಿತು. ಅದರ ಅಂತ್ಯ ಗಟ್ಟಿಯಾಗಿ ಮುಚ್ಚಿದ್ದು: ಶಾಪಗ್ರಸ್ತನಾದ ಅಪ್ಪ ಕೊಡಲು ಬಂದ ಚಿನ್ನವನ್ನು ಮಗ ಒಲ್ಲೆನೆಂದು ಅವನಿಗೆ ಬೆಂಕಿ ಇಡುತ್ತಾನೆ, ದುರಾಸೆಯ ಸರಪಳಿ ಅಲ್ಲಿ ಕಡಿಯುತ್ತದೆ. ಜನ ಕೇಳಿದ್ದು ಆ ಚಿತ್ರವನ್ನು, ದೊಡ್ಡ ತೆರೆಯಲ್ಲಿ, ಇನ್ನೊಮ್ಮೆ. ಅದೇ ಮರುಬಿಡುಗಡೆಯ ಹೊತ್ತಿಗೆ ‘ತುಂಬಾಡ್ 2’ ಘೋಷಣೆಯೂ ಆಯಿತು.